ಬೆಂಚಿನ ದೆವ್ವ ಹೊಡೆಯುವುದಿಲ್ಲ

ಚಿಕ್ಕಮ್ಮ ದೆವ್ವಕ್ಕೆ ಹೆದರುವ ಪೈಕಿಯಲ್ಲ. ಮೂವತ್ತೊಂದು ವರ್ಷ ಒಂದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿ ಕೂತು, ಐದು ಜನ ಹೆಡ್‌ಮಾಸ್ತರರನ್ನು ಸಂಭಾಳಿಸಿ ನಿವೃತ್ತಳಾದವಳಿಗೆ, ಪರದೆಯ ಮೇಲೆ ಕೂದಲು ಕೆದರಿಕೊಂಡು ಬರುವ ದೆವ್ವ ಯಾವ ಲೆಕ್ಕದ್ದು? ತನ್ನ ಸೋದರಿಯ ಮಕ್ಕಳಿಬ್ಬರು ಸೇರಿ ಕಂಪ್ಯೂಟರ್ ಆಟವೊಂದನ್ನು ಕಟ್ಟಲು ಹೊರಟಾಗ, ಅದನ್ನು ಆಡಿ ಆಡಿ ತಪ್ಪು ಹುಡುಕುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಅಂಚು ಬಿಟ್ಟು, ಕ್ರಮಸಂಖ್ಯೆ ಹಾಕಿ, ಒಂದೊಂದು ದೋಷವನ್ನೂ ಅವಳು ಆಫೀಸಿನ ಪತ್ರದ ಧಾಟಿಯಲ್ಲೇ ದಾಖಲಿಸುತ್ತಿದ್ದಳು. 'ಕ್ರಮಸಂಖ್ಯೆ ನಲವತ್ತೊಂದು: ಗ್ರಂಥಾಲಯದ ದೆವ್ವವು ಗೋಡೆಯೊಳಗೆ ಸಿಕ್ಕಿಕೊಂಡು ಕಾಲು ಬಡಿಯುತ್ತಿದೆ. ಸೂಕ್ತ ಕ್ರಮ ಕೈಗೊಳ್ಳುವುದು.'

ಸೂಕ್ತ ಕ್ರಮ ಕೈಗೊಳ್ಳುವವನು ತಮ್ಮ. ಆಟದ ಪ್ರೋಗ್ರಾಂ ಅವನದು. ಕತೆ, ಮಾತು, ಪಾತ್ರಗಳೆಲ್ಲ ಅಕ್ಕನವು. ಮನೆಯಲ್ಲಿ ಎಲ್ಲರಿಗೂ ಅವಳು ಅಕ್ಕ, ಅವನು ತಮ್ಮ. ಚಿಕ್ಕಮ್ಮ ಕೂಡ ಹಾಗೇ ಕರೆಯುತ್ತಿದ್ದಳು. ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಮೂರು ಮೇಜು ಹಾಕಿಕೊಂಡು ಮೂವರೂ ಎಂಟು ತಿಂಗಳಿಂದ ಕೂತಿದ್ದರು. ಕೆಳಗೆ ಯಂತ್ರಗಳು ಬಟ್ಟೆ ಹಿಂಡುವಾಗ ಕೋಣೆಯ ನೆಲ ಗಡಗಡ ನಡುಗುತ್ತಿತ್ತು. ದೆವ್ವದ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದು ತಮ್ಮ ಬಂದವರಿಗೆಲ್ಲ ಹೇಳುತ್ತಿದ್ದ.

ಆಟ ಹೀಗಿತ್ತು. ಒಂದು ಶಾಲೆ. ಹಗಲೆಲ್ಲ ಅಲ್ಲಿ ಬೇರೆ ಶಾಲೆಗಳಂತೆಯೇ ಹಾಜರಿ, ಪಾಠ, ಬಿಡುವು, ಜಗಳ, ರಾಜಿ. ಆಡುವವರು ಒಂಬತ್ತನೇ ತರಗತಿಯ ಲೀಡರ್ ಹುಡುಗಿಯಾಗಬೇಕು. ದಿನಾ ಬೆಳಗ್ಗೆ ಅವಳು ಹಾಜರಿ ಕರೆಯುತ್ತಾಳೆ. ಆ ದನಿ ಅಕ್ಕನದೇ. ಆಮೇಲೆ ಯಾರ ಪಕ್ಕ ಕೂರುವುದು, ಯಾರ ಗುಟ್ಟು ಕಾಪಾಡುವುದು ಎಂದು ಆರಿಸುತ್ತ ಹೋದಂತೆ ಗೆಳೆತನದ ಅಂಕಗಳು ಏರುತ್ತವೆ, ಇಳಿಯುತ್ತವೆ. ಸಂಜೆ ಕೊನೆಯ ಬೆಲ್ಲು ಹೊಡೆದ ಮೇಲೆ ಶಾಲೆಯ ಬಾಗಿಲುಗಳು ತೆರೆಯುವುದಿಲ್ಲ. ಉದ್ದನೆಯ ಕಾರಿಡಾರು ಚೌಕ ಚೌಕವಾಗಿ ಒಡೆದು ಚದುರಂಗದ ಮಣೆಯಾಗುತ್ತದೆ. ಒಂದು ಸರದಿ ಮಕ್ಕಳದ್ದು, ಒಂದು ಸರದಿ ದೆವ್ವಗಳದ್ದು. ಗೆಳತಿಯರು ಅಕ್ಕಪಕ್ಕದ ಚೌಕದಲ್ಲಿ ನಿಂತರೆ ಒಬ್ಬಳಿಗೆ ಬೀಳುವ ಪೆಟ್ಟನ್ನು ಇನ್ನೊಬ್ಬಳು ತಡೆಯುತ್ತಾಳೆ. ಒಂಟಿಯಾಗಿ ಸಿಕ್ಕವಳ ಕತೆ ಮುಗಿದಂತೆ.

ಕೊನೆಯ ಹಂತದಲ್ಲಿ ಬರುವುದು ಬೆಂಚಿನ ದೆವ್ವ. ಚಿಕ್ಕಮ್ಮನ ತಪ್ಪು ಹುಡುಕಾಟ ಆ ಹಂತವನ್ನು ಇನ್ನೂ ಮುಟ್ಟಿರಲಿಲ್ಲ. ತರಗತಿಯಲ್ಲಿ ಕೂತಿದ್ದೂ ಯಾರ ಕಣ್ಣಿಗೂ ಬೀಳದೆ ಹೋದ ಹುಡುಗಿ, ಈಗ ಎಲ್ಲರನ್ನೂ ಮುಗಿಸಲು ಬಂದಿದ್ದಾಳೆ ಎಂದು ಅಕ್ಕ ಬರೆದಿದ್ದಳು. ಅವಳ ಒಂದೇ ಏಟಿಗೆ ಲೀಡರ್ ಹುಡುಗಿಯ ಅರ್ಧ ಜೀವ ಹೋಗಬೇಕು.

ಬಿಡುಗಡೆಗೆ ಹತ್ತು ದಿನ ಉಳಿದಿದ್ದ ಸೋಮವಾರ ಬೆಳಗ್ಗೆ ಚಿಕ್ಕಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇನ್ನೂರ ಹನ್ನೆರಡು," ಎಂದಳು. "ಬೆಂಚಿನ ದೆವ್ವ ಹೊಡೀತಿಲ್ಲ."

"ಹೊಡೀತಿಲ್ಲ ಅಂದ್ರೆ?" ತಮ್ಮ ಕುರ್ಚಿ ತಿರುಗಿಸಿದ.

"ಅಂದ್ರೆ ಹೊಡೀತಿಲ್ಲ. ಬರ್ತಾಳೆ, ಲೀಡರ್ ಪಕ್ಕದ ಚೌಕದಲ್ಲಿ ನಿಂತ್ಕೋತಾಳೆ, ಅಷ್ಟೆ. ಮೂರು ಸಲ ಆಡ್ದೆ. ನಾನಾಗಿ ಹೊಡೆದ್ರೂ ತಿರುಗಿ ಹೊಡೆಯಲ್ಲ. ಲೀಡರ್ ಜಾಗ ಬದಲಾಯಿಸಿದ್ರೆ ಹಿಂದೇನೇ ಬಂದು ನಿಲ್ತಾಳೆ."

ಮೂವರೂ ಒಂದೇ ಪರದೆಯ ಮುಂದೆ ತಲೆ ಸೇರಿಸಿದರು. ಬೂದಿ ಬಣ್ಣದ ಉದ್ದ ಕಾಲಿನ ಹುಡುಗಿ ಕಾರಿಡಾರಿನ ಆ ತುದಿಯಿಂದ ಹೊರಟಳು. ಉಳಿದ ಮಕ್ಕಳನ್ನು ಕಣ್ಣೆತ್ತಿಯೂ ನೋಡದೆ ದಾಟಿ ಬಂದಳು. ಲೀಡರ್ ಹುಡುಗಿಯ ಎಡಕ್ಕೆ, ಒಂದೇ ಬೆಂಚಿನಲ್ಲಿ ಕೂತವರು ಇರುವಷ್ಟು ಹತ್ತಿರ ನಿಂತಳು. ಸರದಿ ಮುಗಿಯಿತು.

ತಮ್ಮ ಅರ್ಧ ಗಂಟೆ ಹುಡುಕಿ, ಆಮೇಲೆ ನಗತೊಡಗಿದ.

"ಸಿಕ್ತು. ತಪ್ಪು ನಂದೇ. ಅಲ್ಲ, ಅರ್ಧ ನಿಂದು. ನೀನು ಮೊದಲು ಇವಳನ್ನ ದೆವ್ವ ಅಂತ ಬರೆದಿರ್ಲಿಲ್ಲ, ಜ್ಞಾಪಕ ಇದೆಯಾ? ಹುಡುಗಿ ಅಂತ ಬರೆದಿದ್ದೆ. ರೋಲ್ ನಂಬರ್ ಇಪ್ಪತ್ಮೂರು, ಲೀಡರ್ ಜೊತೆ ಒಂದೇ ಬೆಂಚು. ಆಮೇಲೆ ಕತೇಲಿ ಭಯ ಸಾಲ್ತಿಲ್ಲ, ಇವಳನ್ನ ದೆವ್ವ ಮಾಡು ಅಂದೆ. ಹೊಸದಾಗಿ ಯಾರು ಮಾಡ್ತಾರೆ ಅಂತ ನಾನು ಅದೇ ಹುಡುಗೀನ ನಕಲು ಮಾಡಿ, ಬಣ್ಣ ಬದಲಾಯಿಸಿ, ದೆವ್ವಗಳ ಪಟ್ಟಿಗೆ ಹಾಕ್ದೆ. ಗೆಳೆತನದ ಅಂಕ ಅಳಿಸೋಕೆ ಮರ್ತೆ. ಲೀಡರ್ ಮೇಲೆ ಅವಳಿಗಿನ್ನೂ ನೂರಕ್ಕೆ ನೂರು ಇದೆ. ನಾನು ಇಟ್ಟಿರೋ ನಿಯಮ ಏನು? ಮೊದಲು ಅತಿ ಹತ್ತಿರದ ಗೆಳತಿ ಪಕ್ಕ ಹೋಗಿ ನಿಲ್ಲು. ಗೆಳತಿಗೆ ಹೊಡೀಬೇಡ. ಪಾಪ, ದೆವ್ವ ನಿಯಮ ಪಾಲಿಸ್ತಿದೆ."

ಚಿಕ್ಕಮ್ಮ ನಗಲಿಲ್ಲ. ಅಕ್ಕನೂ ನಗಲಿಲ್ಲ.

"ಒಂದು ಮಾತು ಹೇಳ್ಲಾ," ಎಂದ ತಮ್ಮ. "ಇದನ್ನ ಸರಿ ಮಾಡೋದೇ ಬೇಡ. ಅಷ್ಟು ಹೊತ್ತು ಹೆದರಿಸಿ ಹೆದರಿಸಿ ಕೊನೇಲಿ ದೆವ್ವ ಸುಮ್ನೆ ಬಂದು ಪಕ್ಕದಲ್ಲಿ ನಿಂತ್ರೆ, ಆಡೋರು ಗೊಳೋ ಅಂತ ಅಳ್ತಾರೆ. ಬೇಕಂತಲೇ ಮಾಡಿದ್ದು ಅನ್ನೋಣ. ಯಾರಿಗೆ ಗೊತ್ತಾಗುತ್ತೆ?"

ಆ ಮಾತು ಕೇಳಿ ಅಕ್ಕನ ಜೀವ ತಣ್ಣಗಾಯಿತು. ಅವಳಿಗೇ ನಾಚಿಕೆಯಾಗುವಷ್ಟು ತಣ್ಣಗಾಯಿತು. ತಮ್ಮನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು: ರೋಲ್ ನಂಬರ್ ಇಪ್ಪತ್ಮೂರು ಕತೆಯ ಹುಡುಗಿಯಲ್ಲ.

ಅವಳನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು. ಕಾಲು ಉದ್ದ, ಶಾಲೆಯ ಕಾಂಪೌಂಡು ಗೋಡೆಯನ್ನು ಕೈ ಊರದೆ ಹಾರುತ್ತಿದ್ದಳು. ಚಿಕ್ಕಮ್ಮ ಗುಮಾಸ್ತೆಯಾಗಿದ್ದ ಶಾಲೆಯಲ್ಲೇ, ಒಂಬತ್ತನೇ ತರಗತಿಯಲ್ಲಿ ಅಕ್ಕ ಮತ್ತು ಅವಳು ಒಂದೇ ಬೆಂಚು. ಆ ವರ್ಷ ಹುಡುಗಿಯರ ನಡುವೆ ಒಂದು ಆಟ ಹುಟ್ಟಿಕೊಂಡಿತು. ದಿನಕ್ಕೊಬ್ಬಳು 'ಕಾಣದವಳು'. ಅವತ್ತಿಡೀ ಅವಳೊಂದಿಗೆ ಯಾರೂ ಮಾತಾಡಬಾರದು, ಅವಳು ಎದುರಿಗೆ ನಿಂತರೂ ಗೋಡೆ ನೋಡಿದಂತೆ ನೋಡಬೇಕು. ಮರುದಿನ ಬೇರೆಯವಳು. ಎಲ್ಲರಿಗೂ ಒಂದೊಂದು ದಿನ ಬಂದು ಹೋಯಿತು, ಅಕ್ಕನಿಗೂ ಬಂದಿತ್ತು. ಮಿಡತೆಯ ದಿನ ಬಂದಾಗ ಮಾತ್ರ ಅಕ್ಕ ಒಂದು ಹೆಜ್ಜೆ ಮುಂದೆ ಹೋದಳು. ಅವಳು ಕ್ಲಾಸ್ ಲೀಡರ್. ಟೀಚರು ಉತ್ತರ ಪತ್ರಿಕೆ ತಿದ್ದುತ್ತ ಕೂತು ಹಾಜರಿ ಪುಸ್ತಕವನ್ನು ಅವಳ ಕೈಗೇ ಕೊಡುತ್ತಿದ್ದರು, ಕೊನೆಗೊಂದು ಸಹಿ ಹಾಕುತ್ತಿದ್ದರು. ಇಪ್ಪತ್ತೆರಡು ಕರೆದ ಮೇಲೆ ಅಕ್ಕ ಇಪ್ಪತ್ನಾಲ್ಕು ಕರೆದಳು. ಇಡೀ ತರಗತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. "ಹಾಜರ್," ಎಂದಳು ಮಿಡತೆ. ಅಕ್ಕ ತಲೆಯೆತ್ತದೆ ಕೆಂಪು ಇಂಕಿನಲ್ಲಿ ಗೈರು ಎಂದು ಗುರುತು ಹಾಕಿದಳು.

ನಗು ಅಷ್ಟು ಚೆನ್ನಾಗಿ ಬಂದದ್ದರಿಂದ ಮರುದಿನವೂ ಹಾಗೇ ಮಾಡಿದಳು. ಒಂದು ವಾರ ಮಿಡತೆ "ಹಾಜರ್" ಎನ್ನುತ್ತಲೇ ಇದ್ದಳು. ಆಮೇಲೆ ನಿಲ್ಲಿಸಿದಳು. ಆಟ ಆರು ವಾರ ನಡೆಯಿತು. ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಆಫೀಸಿನಿಂದ ಅವಳ ಮನೆಗೆ ಕಾಗದ ಹೋಯಿತು. ಆಮೇಲೆ ಅವಳು ನಿಜವಾಗಿಯೂ ಬರಲಿಲ್ಲ. ಹತ್ತೊಂಬತ್ತು ವರ್ಷ ಅಕ್ಕ ಇದನ್ನು ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಒಂದು ಆಟ ಮಾಡಿ, ಅದರಲ್ಲಿ ಅವಳನ್ನು ದೆವ್ವ ಮಾಡಿ ಕೂರಿಸಿದ್ದಳು.

ಈಗ ಆ ದೆವ್ವ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತಿದೆ. ಕೇಳದೆ ಸಿಕ್ಕ ಕ್ಷಮೆ. ಹಾಗೇ ಬಿಟ್ಟರಾಯಿತು.

ತಮ್ಮ ಕಾಫಿ ಮಾಡಲು ಒಳಗೆ ಹೋದ ಕೂಡಲೆ ಚಿಕ್ಕಮ್ಮ ನೋಟ್‌ಬುಕ್ ಮುಚ್ಚಿದಳು.

"ಹಾಗೇ ಬಿಡೋ ಯೋಚನೆ ಇದ್ರೆ ನಿನಗೊಂದು ವಿಷಯ ಗೊತ್ತಿರ್ಬೇಕು," ಎಂದಳು. "ಅವಳೂ ಇದನ್ನ ಆಡ್ತಿದಾಳೆ."

"ಯಾರು?"

"ಇಪ್ಪತ್ಮೂರು."

ಚಿಕ್ಕಮ್ಮ ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತ, ಕಡತ ಓದಿದಂತೆ ಒಂದೇ ಸಮನೆ ಹೇಳಿದಳು. ದಿನವಿಡೀ ಪರದೆ ನೋಡಿ ಕಣ್ಣು ಮಂಜಾದಾಗ ಅವಳು ಬಸ್ ನಿಲ್ದಾಣದ ಹಿಂದಿನ ಕನ್ನಡಕದ ಅಂಗಡಿಗೆ ಹೋಗಿದ್ದಳು. ಅಂಗಡಿಯೊಡತಿ ಅವಳನ್ನು ನೋಡಿದ ಕೂಡಲೆ ಗುರುತು ಹಿಡಿದಳು. ಕಣ್ಣು ಯಾಕೆ ಹೀಗಾಯಿತು ಎಂದು ಕೇಳಿದಳು. ಚಿಕ್ಕಮ್ಮ ಹೆಮ್ಮೆಯಿಂದ ಎಲ್ಲ ಹೇಳಿಬಿಟ್ಟಳು. ನಾನೂ ಆಡಬಹುದಾ ಎಂದಾಗ, ಹೊರಗಿನವರಿಗೆ ಕೊಡಬಾರದು ಎಂದು ತಮ್ಮ ನೂರು ಸಲ ಹೇಳಿದ್ದನ್ನು ಗಾಳಿಗೆ ತೂರಿ, ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟುಬಂದಳು.

"ಯಾಕೆ ಕೊಟ್ರಿ ಚಿಕ್ಕಮ್ಮ?"

"ಅವಳು ನನ್ನ ಹತ್ರ ಅದಕ್ಕೂ ಮೊದಲು ಒಂದೇ ಒಂದು ಸಲ ಏನೋ ಕೇಳಿದ್ಲು. ಆಗ ಕೊಟ್ಟಿರ್ಲಿಲ್ಲ." ಚಿಕ್ಕಮ್ಮ ಕನ್ನಡಕ ಹಾಕಿಕೊಂಡಳು. "ನನ್ನ ಮೇಜಿನ ಮುಂದೆ ನಿಂತು, ಮೇಡಂ, ನಾನು ದಿನಾ ಬರ್ತಿದೀನಿ ಅಂದ್ಲು. ನಾನು ರಿಜಿಸ್ಟರ್ ತೆಗೆದು ತೋರಿಸ್ದೆ. ಇಲ್ಲಿ ಗೈರು ಅಂತಿದೆ, ರಿಜಿಸ್ಟರ್ ಸುಳ್ಳು ಹೇಳಲ್ಲ ಅಂದೆ. ಕಾಗದ ಬರೆದವಳೂ ನಾನೇ. ವರ್ಷದ ಕೊನೇಲಿ ರಿಜಿಸ್ಟರ್ ಕಟ್ಟಿಡೋವಾಗ ಸರಿಯಾಗಿ ನೋಡ್ದೆ. ಆ ಕೆಂಪು ಅಕ್ಷರ ನಿಂದು. ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನು, ನನಗೆ ಗೊತ್ತಾಗಲ್ವಾ?"

"ಆಗ ಒಂದು ಮಾತು ಬೈದಿದ್ರೂ ಆಗ್ತಿತ್ತು."

"ಆಗ್ತಿತ್ತು. ಮನೆ ಮಗು ಅಂತ ಹೊಟ್ಟೆಗೆ ಹಾಕ್ಕೊಂಡೆ." ಚಿಕ್ಕಮ್ಮ ನೋಟ್‌ಬುಕ್ಕನ್ನು ಬದಿಗೆ ಸರಿಸಿದಳು. "ಶನಿವಾರ ಹೋದಾಗ ಅಂದ್ಲು, ಕೊನೆ ಹಂತಕ್ಕೆ ಬಂದಿದೀನಿ, ಭಾನುವಾರ ಅಂಗಡಿ ರಜ, ಮುಗಿಸ್ತೀನಿ ಅಂತ."

ಭಾನುವಾರ ನಿನ್ನೆಯೇ ಕಳೆದಿತ್ತು. ಅಕ್ಕ ಕಾಫಿಗೂ ಕಾಯದೆ ಚಪ್ಪಲಿ ಮೆಟ್ಟಿದಳು.

ಅಂಗಡಿ ಚಿಕ್ಕದು. ಮೂರು ಗೋಡೆಗೂ ಕನ್ನಡಕಗಳು, ನಡುನಡುವೆ ಕನ್ನಡಿಗಳು. ಎಲ್ಲಿ ನಿಂತರೂ ಅಕ್ಕನಿಗೆ ತನ್ನ ಮುಖವೇ ಕಾಣುತ್ತಿತ್ತು. ಮಿಡತೆ ಮುದುಕರೊಬ್ಬರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸಿ ಕೂರಿಸುತ್ತಿದ್ದಳು. ಕೂದಲು ಮೋಟಾಗಿ ಕತ್ತರಿಸಿದ್ದಳು, ಕಾಲು ಅಷ್ಟೇ ಉದ್ದ. ಬಾಗಿಲ ಸದ್ದಿಗೆ ತಿರುಗಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೆ ಮುದುಕರ ಕಿವಿಗೆ ತಿರುಗಿದಳು. ಅವರನ್ನು ಕಳಿಸಿಯಾದ ಮೇಲೆ ಎತ್ತರದ ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ."

"ನಾನು ಕಣ್ಣು ತೋರಿಸೋಕೆ ಬಂದಿಲ್ಲ."

"ಗೊತ್ತು. ಕೂತ್ಕೊಳ್ಳಿ."

ಅಕ್ಕ ಕೂತಳು. ಮಿಡತೆ ಅವಳ ಮೂಗಿನ ಮೇಲೆ ಭಾರದ ದುಂಡನೆಯ ಚೌಕಟ್ಟು ಕೂರಿಸಿ, ಎಡಗಣ್ಣಿಗೆ ಕಪ್ಪು ಬಿಲ್ಲೆ ಹಾಕಿದಳು. ಎದುರಿನ ಗೋಡೆಯಲ್ಲಿ ಅಕ್ಷರಗಳ ಸಾಲುಗಳಿಗೆ ದೀಪ ಹತ್ತಿತು.

"ಓದಿ."

ಅಕ್ಕ ಮೊದಲ ಎರಡು ಸಾಲು ಓದಿದಳು. ಮಿಡತೆ ಒಂದು ಗಾಜು ತೆಗೆದು ಇನ್ನೊಂದು ಸಿಕ್ಕಿಸುತ್ತ, ಕೆಲಸದ ನಡುವೆಯೇ ಮಾತು ಶುರು ಮಾಡಿದಳು.

"ನಿನ್ನೆ ಮುಗಿಸೋಣ ಅಂತ ಕೂತೆ. ಅವಳು ಬಂದ್ಲು. ಹೊಡೀತಾಳೆ ಅಂತ ಕಾದೆ. ಹೊಡೀಲಿಲ್ಲ. ನಾನೂ ಹೊಡೀಲಿಲ್ಲ. ಎರಡು ಗಂಟೆ ಸರದಿ ಬಿಟ್ಟುಕೊಡ್ತಾ ಕೂತಿದ್ದೆ, ಅವಳು ಹಾಗೇ ಪಕ್ಕದಲ್ಲಿ ನಿಂತೇ ಇದ್ಲು." ಅವಳ ಕೈ ಗಾಜಿನ ಮೇಲೆ ನಿಂತಿತು. "ಇಷ್ಟು ವರ್ಷ ಆದ್ಮೇಲೆ ನಿನಗೆ ಇದು ಹೊಳೀತಲ್ಲ ಅನ್ನಿಸ್ತು. ನಾನು ನಿನ್ನ ಪಕ್ಕ ನಿಲ್ಲೋಕೇ ಬರ್ತಿದ್ದೆ ಅಂತ ಒಬ್ಬರಿಗಾದ್ರೂ ಗೊತ್ತಿತ್ತಲ್ಲ ಅನ್ನಿಸ್ತು. ಅತ್ತುಬಿಟ್ಟೆ."

'ಕೂತ್ಕೊಳ್ಳಿ' ಎಂದವಳು 'ನಿನಗೆ' ಎಂದಿದ್ದಳು. ಅಕ್ಕ ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ಆ ಕುರ್ಚಿಯಲ್ಲಿ, ಒಂದೇ ಕಣ್ಣಿನಲ್ಲಿ ನೋಡುತ್ತ, ಹಾಗೇ ಸುಮ್ಮನಿರಲು ಅವಳಿಗೆ ತುಂಬಾ ಆಸೆಯಾಯಿತು. ಆದರೆ ಸುಮ್ಮನಿದ್ದರೆ, ಎದುರಿಗೆ ನಿಂತವಳನ್ನು ಬಿಟ್ಟು ಮುಂದಿನ ನಂಬರು ಕರೆದಂತೆಯೇ ಆಗುತ್ತಿತ್ತು.

"ಅದು ನಾನು ಬರೆದಿದ್ದಲ್ಲ," ಎಂದಳು. "ಪ್ರೋಗ್ರಾಮಿನ ತಪ್ಪು. ಇವತ್ತು ಬೆಳಗ್ಗೆ ನಮಗೆ ಗೊತ್ತಾಯ್ತು."

ಮಿಡತೆ ಕಪ್ಪು ಬಿಲ್ಲೆ ತೆಗೆದಳು. ಈಗ ಇಬ್ಬರೂ ಎರಡೂ ಕಣ್ಣಿನಲ್ಲಿ ಒಬ್ಬರನ್ನೊಬ್ಬರು ನೋಡುವಂತಾಯಿತು.

"ಮತ್ತೆ ನೀನು ಬರೆದಿದ್ದು ಏನು?"

"ಹೊಡೀತಾಳೆ ಅಂತ. ಅವಳನ್ನ ಕೊಂದ್ರೆ ಆಟ ಗೆದ್ದ ಹಾಗೆ ಅಂತ."

"ನನ್ನನ್ನ."

"ಹೂಂ."

ಹೊರಗೆ ಬಸ್ಸೊಂದು ಹಿಂದೆ ಸರಿಯುವ ಸದ್ದು ಕೇಳಿಸಿತು. ಮಿಡತೆಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅಷ್ಟು ಹೊತ್ತು ಅಲ್ಲಿದ್ದ ಏನೋ ಒಂದು ಎದ್ದು ಹೊರಟುಹೋಯಿತು. ಅದನ್ನು ನೋಡುವುದು ಅಕ್ಕನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವಳು ನಕಲಿನ ವಿಷಯ, ಉಳಿದುಹೋದ ನೂರು ಅಂಕದ ವಿಷಯ, ಎಲ್ಲವನ್ನೂ ತಡವರಿಸುತ್ತ ಹೇಳಿದಳು.

"ಆ ನೂರು ಹಾಕಿದ್ದು ಯಾರು?"

"ನಾನೇ. ಮೊದಲು ಹುಡುಗಿ ಅಂತ ಬರೆದಾಗ."

"ಆಮೇಲೆ ದೆವ್ವ ಯಾಕೆ ಮಾಡ್ದೆ?"

"ಅವಳು ನನ್ನ ಜೊತೆ ಏನು ಮಾತಾಡ್ತಾಳೆ ಅಂತ ಬರೆಯೋಕೆ ಆಗ್ಲಿಲ್ಲ. ದೆವ್ವ ಆದ್ರೆ ಮಾತಾಡೋದು ಬೇಡ." ಅಕ್ಕ ಚೌಕಟ್ಟನ್ನು ಮೂಗಿನಿಂದ ತೆಗೆದು ಅವಳ ಕೈಗೆ ಕೊಟ್ಟಳು. "ನಿನಗೆ ಅನ್ಯಾಯ ಮಾಡ್ದೆ. ಆಗಲೂ ಮಾಡ್ದೆ, ಈಗಲೂ ಮಾಡ್ದೆ. ತಪ್ಪಾಯ್ತು."

ಮಿಡತೆ ಚೌಕಟ್ಟಿನಿಂದ ಗಾಜು ಬಿಡಿಸಿಕೊಂಡಳು. ಗಾಜುಗಳನ್ನು ಒಂದೊಂದಾಗಿ ಒರೆಸಿ, ಪೆಟ್ಟಿಗೆಯಲ್ಲಿ ಅವುಗಳ ಸಂದಿಗೇ ನಿಲ್ಲಿಸಿದಳು.

"ಆ ನೂರು ತೆಗೆದುಬಿಡು," ಎಂದಳು. "ಬಂದು ನಿಲ್ಲೋದು ಬಿಡೋದು ನನಗೆ ಬಿಟ್ಟಿದ್ದು. ನಿಮ್ಮ ಮರೆವಿನಿಂದ ನಾನು ನಿನ್ನ ಪಕ್ಕ ನಿಲ್ಲೋದು ಬೇಡ." ಪೆಟ್ಟಿಗೆ ಮುಚ್ಚಿದಳು. "ಇನ್ನೊಂದು. ಆಟದಲ್ಲಿ ದಿನಾ ಬೆಳಗ್ಗೆ ಹಾಜರಿ ಕರೀತೀಯಲ್ಲ, ನಿನ್ನ ದನೀಲಿ. ಇಪ್ಪತ್ತೆರಡು ಆದ್ಮೇಲೆ ಇಪ್ಪತ್ನಾಲ್ಕು ಕರೀತೀಯ. ಅದೂ ಪ್ರೋಗ್ರಾಮಿನ ತಪ್ಪಾ?"

ಅಕ್ಕ ಮನಸ್ಸಿನಲ್ಲೇ ಆ ಹಾಜರಿಯನ್ನು ಮತ್ತೆ ಕೇಳಿಸಿಕೊಂಡಳು. ಅವಳು ನಲವತ್ತು ನಂಬರನ್ನೂ ಓದಿ ಧ್ವನಿಮುದ್ರಿಸಿದ್ದಳು. ಇಪ್ಪತ್ಮೂರನ್ನು ದೆವ್ವ ಮಾಡಿದ ದಿನ ತಮ್ಮ ಆ ಒಂದನ್ನು ಕತ್ತರಿಸಿ ತೆಗೆದಿರಬೇಕು. ಆಮೇಲೆ ಮೂವರೂ ತಿಂಗಳುಗಟ್ಟಲೆ, ದಿನಕ್ಕೆ ಹತ್ತು ಸಲ ಆ ಹಾಜರಿ ಕೇಳಿದ್ದರು. ಗೋಡೆಗೆ ಸಿಕ್ಕಿಕೊಂಡ ದೆವ್ವದ ಕಾಲು ಕಂಡಿತ್ತು, ಕಿಟಕಿಯ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸವಾದದ್ದು ಕಂಡಿತ್ತು. ಇದು ಯಾರ ಕಿವಿಗೂ ಬಿದ್ದಿರಲಿಲ್ಲ.

"ನನಗೆ ಗೊತ್ತೇ ಆಗ್ಲಿಲ್ಲ," ಎಂದಳು. ಅದಕ್ಕಿಂತ ಕೆಟ್ಟ ಮಾತು ತನ್ನ ಬಾಯಿಂದ ಬರಲು ಸಾಧ್ಯವಿಲ್ಲ ಎಂದು ಹೇಳುವಾಗಲೇ ಅವಳಿಗೆ ಅನ್ನಿಸಿತು.

"ಕರಿ," ಎಂದಳು ಮಿಡತೆ. "ಕರೆದು, ಉತ್ತರಕ್ಕೆ ನಿಲ್ಲು. ಉತ್ತರ ಮಾತ್ರ ನೀನು ಬರೀಬೇಡ."

ಬಾಗಿಲ ತನಕ ಬಂದು, ಬೇರೆ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು: "ಬಲಗಣ್ಣಿಗೆ ಸ್ವಲ್ಪ ನಂಬರ್ ಬಂದಿದೆ ನಿಮಗೆ. ಅಸಡ್ಡೆ ಮಾಡ್ಬೇಡಿ."

ಮಧ್ಯಾಹ್ನ ಕೋಣೆಯಲ್ಲಿ ಅಕ್ಕ ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಅವನು ಒಂದು ತಮಾಷೆಯನ್ನೂ ಮಾಡದೆ ಕೇಳಿದ. ನೂರನ್ನು ಅಳಿಸಿ ಸೊನ್ನೆ ಬರೆಯುವ ಕೆಲಸ ಅಕ್ಕ ತಾನೇ ಮಾಡಿದಳು. ಮತ್ತೆ ಆಡಿ ನೋಡಿದರು. ಬೂದಿ ಬಣ್ಣದ ಹುಡುಗಿ ಕಾರಿಡಾರಿನ ತುದಿಯಿಂದ ಬಂದಳು, ಲೀಡರ್ ಹುಡುಗಿಯನ್ನು ಒಂದೇ ಏಟಿಗೆ ಅರ್ಧ ಮುಗಿಸಿದಳು. ಹೀಗೇ ಆಗಬೇಕಿತ್ತು ಎಂದು ತಿಳಿದಿದ್ದೂ ಅಕ್ಕನಿಗೆ ದುಃಖ ಒತ್ತರಿಸಿ ಬಂತು.

ತಮ್ಮ ಹಳೆಯ ಕಡತದಿಂದ ಇಪ್ಪತ್ಮೂರನ್ನು ಹುಡುಕಿ ತೆಗೆದು ಹಾಜರಿಗೆ ಸೇರಿಸಿದ.

"ಉತ್ತರಕ್ಕೆ ಯಾರ ದನಿ ಹಾಕ್ಲಿ?"

"ಯಾರದೂ ಬೇಡ. ಐದು ಸೆಕೆಂಡು ಹಾಗೇ ಬಿಡು."

"ಆಟ ಕೆಟ್ಟು ನಿಂತುಹೋಯ್ತು ಅಂದ್ಕೋತಾರೆ, ಅಕ್ಕ."

"ಅಂದ್ಕೊಳ್ಳಲಿ."

ಚಿಕ್ಕಮ್ಮ ಎಂದಿನಂತೆ ಆಡಲು ಕೂತಳು. ಕೆಳಗೆ ಯಂತ್ರಗಳು ಆಗಷ್ಟೇ ನಿಂತಿದ್ದವು. ಆಟದೊಳಗಿನ ದನಿ ಇಪ್ಪತ್ತು ಕರೆಯಿತು, ಹಾಜರ್. ಇಪ್ಪತ್ತೊಂದು, ಹಾಜರ್. ಇಪ್ಪತ್ತೆರಡು, ಹಾಜರ್. ಇಪ್ಪತ್ಮೂರು ಎಂದಿತು ಅಕ್ಕನ ದನಿ. ಚಿಕ್ಕಮ್ಮ ಕೀಲಿಮಣೆಯಿಂದ ಎರಡೂ ಕೈ ತೆಗೆದು, ಆಫೀಸಿನ ಮೇಜಿನ ಮುಂದೆ ಯಾರೋ ಬಂದು ನಿಂತಂತೆ ತಲೆಯೆತ್ತಿ ನೆಟ್ಟಗೆ ಕೂತಳು. ಐದು ಸೆಕೆಂಡು ಅಷ್ಟು ಉದ್ದವಿರುತ್ತದೆಂದು ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ದನಿ ಇಪ್ಪತ್ನಾಲ್ಕು ಕರೆಯಿತು.

ಚಿಕ್ಕಮ್ಮ ಆಟ ನಿಲ್ಲಿಸಿ ನೋಟ್‌ಬುಕ್ ತೆರೆದಳು. 'ಕ್ರಮಸಂಖ್ಯೆ ಇನ್ನೂರ ಹದಿಮೂರು: ಇಪ್ಪತ್ಮೂರನ್ನು ಈವರೆಗೆ ಕರೆದಿರಲಿಲ್ಲ. ನಮ್ಮ ಗಮನಕ್ಕೆ ಬಂದಿರಲಿಲ್ಲ.' ಸೂಕ್ತ ಕ್ರಮದ ಸಾಲು ಬರೆಯಲಿಲ್ಲ. ಎಂಟು ತಿಂಗಳಲ್ಲಿ ಒಂದು ದೋಷದ ಕೆಳಗೂ ಸಹಿ ಹಾಕದಿದ್ದವಳು ಇದರ ಕೆಳಗೆ ತನ್ನ ಪೂರ್ತಿ ಸಹಿ ಹಾಕಿದಳು. ಆಮೇಲೆ ನೋಟ್‌ಬುಕ್ಕನ್ನು ತಿರುಗಿಸಿ, ಪೆನ್ನನ್ನು ಅಕ್ಕನ ಕಡೆ ಚಾಚಿದಳು.